ಸಹಾಯ ಬೇಕು: ಮಕ್ಕಳಿಗೆ, ಮನೆಯವರಿಗೆ ಆರೋಗ್ಯ ವಿಮೆ ಹೇಗೆ ಆರಿಸೋದು?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮುಂದಿನ ತಿಂಗಳು ನಮ್ಮ ಯಜಮಾನರು ಕಂಪನಿ ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕ್ತಿದ್ದಾರೆ. ಅಲ್ಲಿಗೆ ಕಂಪನಿಯ ಗ್ರೂಪ್ ಪಾಲಿಸಿ ನಿಂತುಹೋಗುತ್ತೆ. ಅವರಿಗೆ 39, ಬಿಪಿ ಇದೆ. ನನಗೆ 34. ಮಕ್ಕಳಿಗೆ 7 ಮತ್ತು 3. ಜೊತೆಗೆ ಅತ್ತೆ, 68 ವರ್ಷ.

ಕಳೆದ ಮಳೆಗಾಲದಲ್ಲಿ ದೊಡ್ಡ ಮಗನಿಗೆ ಡೆಂಗಿ ಆಗಿ 5 ದಿನ ಅಡ್ಮಿಟ್ ಮಾಡಿದ್ವಿ. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ 3,000 ಮಿತಿ. ಸಿಕ್ಕಿದ್ದು 4,500ರ ರೂಮ್. ಹೆಚ್ಚಿನ 1,500 ಮಾತ್ರ ನಮ್ಮ ಕೈಯಿಂದ ಅಂದುಕೊಂಡಿದ್ದೆ. ಆದರೆ ಡಾಕ್ಟರ್ ಫೀಸು, ನರ್ಸಿಂಗ್ ಖರ್ಚಲ್ಲೂ ಅದೇ ಲೆಕ್ಕದಲ್ಲಿ ಮೂರನೇ ಒಂದು ಭಾಗವನ್ನು ವಿಮೆಯವರು ಕಡಿತ ಮಾಡಿದರು. ಮಗು ಮಲಗಿರುವಾಗ ಆ ಬಿಲ್ ಹಿಡಿದು ನಿಂತ ಸಂಕಟ ಇನ್ನೂ ಮರೆತಿಲ್ಲ. ಹಾಗಾಗಿ ರೂಮ್ ಮಿತಿ ಇರುವ ಪಾಲಿಸಿ ಖಂಡಿತ ಬೇಡ.

ನಾಲ್ವರಿಗೆ 10 ಲಕ್ಷದ ಫ್ಯಾಮಿಲಿ ಫ್ಲೋಟರ್ (ಮನೆಯವರೆಲ್ಲ ಒಂದೇ ಮೊತ್ತ ಹಂಚಿಕೊಳ್ಳುವ ಪಾಲಿಸಿ) ಸಾಕಾ? ಫ್ಲೋಟರ್‌ನಲ್ಲಿ ಪ್ರೀಮಿಯಂ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತೆ ಅಂತ ಅತ್ತೆಗೆ ಬೇರೆಯೇ ಮಾಡಿಸೋಣ ಅಂತಿದ್ದೀನಿ, ಸರಿನಾ?

ಇನ್ನೊಂದು, ನನಗೆ ಇದೇ ಮುಖ್ಯ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ (ಅಲ್ಲಿವರೆಗೆ ಆ ಕಾಯಿಲೆಗೆ ಕ್ಲೇಮ್ ಸಿಗಲ್ಲ) 3 ವರ್ಷ ಮೀರುವಂತಿಲ್ಲ ಅಂತ 2024ರಲ್ಲಿ ನಿಯಮ ಬಂದಿದೆ. ಗ್ರೂಪ್ ಪಾಲಿಸಿಯನ್ನು ಅದೇ ವಿಮಾ ಕಂಪನಿಯಲ್ಲಿ ತಮ್ಮದೇ ಹೆಸರಿನ ಪಾಲಿಸಿಗೆ ಬದಲಾಯಿಸಿಕೊಂಡು, ಬಿಪಿಯಂಥ ಕಾಯಿಲೆಗೆ ಗ್ರೂಪ್ ಪಾಲಿಸಿಯ ಹಳೆಯ ವರ್ಷಗಳನ್ನು ಈ ಅವಧಿಯ ಲೆಕ್ಕಕ್ಕೆ ಹಿಡಿಸಿಕೊಂಡವರು ಯಾರಾದರೂ ಇದ್ದೀರಾ? ರಾಜೀನಾಮೆಗೆ ಎಷ್ಟು ದಿನ ಮೊದಲು ಅರ್ಜಿ ಕೊಟ್ಟಿರಿ? ಬಿಪಿ ವಿಷಯ ಬರೆಯಬೇಡಿ ಅಂತ ಏಜೆಂಟ್ ಹೇಳಿದರು, ನಾನು ಒಪ್ಪಲಿಲ್ಲ. ಮುಚ್ಚಿಟ್ಟರೆ ನಾಳೆ ಕ್ಲೇಮ್ ತಿರಸ್ಕರಿಸಬಹುದಲ್ಲ.

ಏಜೆಂಟರು ದಯವಿಟ್ಟು ಮೆಸೇಜ್ ಮಾಡಬೇಡಿ. ಕ್ಲೇಮ್ ಮಾಡಿದ ಅನುಭವ ಇರುವ ಅಕ್ಕ-ಅಣ್ಣಂದಿರು ಬರೆದರೆ ತುಂಬಾ ಉಪಕಾರ.