ಹಳೇ ಕಾರಿನ ಕಂಪನಿ ಸೌಂಡ್ ಸಿಸ್ಟಮ್: ಮೊದಲು ಸ್ಟೀರಿಯೋ ಬದಲಿಸಲೋ, ಸ್ಪೀಕರ್ ಬದಲಿಸಲೋ?

ಎರಡನೇಗೇರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು 2007ರ ಹ್ಯಾಚ್‌ಬ್ಯಾಕ್. ಎಂಜಿನ್ ಗಟ್ಟಿಯಾಗಿದೆ, ಬಾಡಿಗೆ ತುಕ್ಕು ಹಿಡಿದಿಲ್ಲ, ಮಾರುವ ಯೋಚನೆಯೂ ಇಲ್ಲ. ಬೇಜಾರಿರುವುದು ಹಾಡಿನ ವಿಷಯದಲ್ಲಿ ಮಾತ್ರ.

ಗಾಡಿ ಜೊತೆಗೇ ಬಂದ ಸಿಡಿ ಪ್ಲೇಯರ್ ಇದೆ. ಮುಂದಿನ ಬಾಗಿಲುಗಳಲ್ಲಿ 6.5 ಇಂಚಿನ ಎರಡು ಸ್ಪೀಕರ್, ಹಿಂದೆ ಇನ್ನೆರಡು. ಬ್ಲೂಟೂತ್ ಇಲ್ಲ, ಫೋನಿಂದ ತಂತಿ ಚುಚ್ಚುವ ಆಕ್ಸ್ ಸಾಕೆಟ್ಟೂ ಇಲ್ಲ. ಲೈಟರ್ ಸಾಕೆಟ್‌ಗೆ ಚುಚ್ಚುವ ಎಫ್‌ಎಂ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಫೋನಿಂದ ಹಾಡು ಕೇಳುತ್ತೇನೆ. ಹಾಡಿನ ಹಿಂದೆ ಸದಾ ಒಂದು ಸುಯ್ ಅನ್ನೋ ಸದ್ದು. ತಬಲಾದಲ್ಲಿ ಎಡಗೈಯ ಪೆಟ್ಟು ಕೇಳಿಸುವುದೇ ಇಲ್ಲ. ವಾಲ್ಯೂಮ್ ಅರ್ಧ ದಾಟಿಸಿದರೆ ಎಡಗಡೆ ಬಾಗಿಲು ಗರಗರ ಅನ್ನುತ್ತದೆ.

ಹೊಸ ಸ್ಟೀರಿಯೋ ಡಬ್ಬದ ಮೇಲೆ 4 x 50 ವ್ಯಾಟ್ ಅಂತ ಬರೆದಿರುತ್ತಾರೆ. ಅಷ್ಟಿದ್ದ ಮೇಲೆ ಸ್ಪೀಕರ್‌ಗೆ ಪವರ್ ಕೊಡುವ ಬೇರೆ ಆಂಪ್ (ಆಂಪ್ಲಿಫೈಯರ್) ಯಾಕೆ ಬೇಕು? ಒಟ್ಟಿಗೆ ಎಲ್ಲ ಮಾಡಿಸೋಕೆ ಆಗಲ್ಲ, ಒಂದೊಂದಾಗಿ ಮಾಡಬೇಕು. ಮೊದಲು ಯಾವುದಕ್ಕೆ ಕೈ ಹಾಕಲಿ? ನನಗೆ ಗಾಜು ನಡುಗಿಸುವ ಬೇಸ್ ಬೇಡ. ಮಾತು, ವಾದ್ಯ ಬಿಡಿಬಿಡಿಯಾಗಿ ಕೇಳಿಸಿದರೆ ಸಾಕು.

ಡಬಲ್‌ಕೋನ್:

ಬ್ರೋ, ತಲೆ ಕೆಡಿಸ್ಕೋಬೇಡಿ. ಡಿಕ್ಕಿಯಲ್ಲಿ ಬರೀ ಬೇಸ್‌ಗೆ ಅಂತಲೇ ಇರುವ 12 ಇಂಚಿನ ಸಬ್‌ವೂಫರ್, ಅದಕ್ಕೊಂದು ಒಂದೇ ಚಾನೆಲ್‌ನ ಮೋನೋ ಆಂಪ್. ಮಿಕ್ಕಿದ್ದು ಯಾರಿಗೂ ಗೊತ್ತೇ ಆಗಲ್ಲ.

ತಂತಿಕಟ್ಟು:

ಅವರು ಬೇಸ್ ಬೇಡ ಅಂದಿದ್ದನ್ನು ಓದಲಿಲ್ಲವೇ ಸ್ವಾಮಿ? ಹರಿದ ಸ್ಪೀಕರ್ ಮುಂದೆ ಇಟ್ಟುಕೊಂಡು ಹಿಂದೆ ಸಬ್ ಹಾಕಿದರೆ ಹಾಡು ಮುಂದೆ ಗರಗರ, ಹಿಂದೆ ದಬದಬ.

ಎರಡನೇಗೇರು ಅವರೇ, ಏನನ್ನೂ ಕೊಳ್ಳಬೇಡಿ. ಮೊದಲು ಎಡಗಡೆ ಬಾಗಿಲಿನ ಪ್ಯಾಡ್ ಬಿಚ್ಚಿ. ಹಿಡಿಕೆ ಹಿಂದೆ ಒಂದೆರಡು ಸ್ಕ್ರೂ ಇರುತ್ತವೆ, ಸಣ್ಣ ಮುಚ್ಚಳದಡಿ ಬಚ್ಚಿಟ್ಟಿರುತ್ತಾರೆ. ಮಿಕ್ಕಿದ್ದೆಲ್ಲ ಸುತ್ತಲಿನ ಕ್ಲಿಪ್. ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಪೇಂಟ್ ಹೋಗುತ್ತದೆ.

ಸ್ಪೀಕರ್ ಕಂಡ ಮೇಲೆ ಕೋನಿನ, ಅಂದರೆ ನಡುವೆ ಅಲುಗಾಡುವ ಬಟ್ಟಲಿನ, ಅಂಚನ್ನು ಬೆರಳಿನಿಂದ ಮೆತ್ತಗೆ ಒತ್ತಿ. ಕೋನನ್ನು ಚೌಕಟ್ಟಿಗೆ ಹಿಡಿದಿರುವ ಆ ಉಂಗುರ ಫೋಮಿನದಾಗಿದ್ದರೆ ಇಷ್ಟು ವರ್ಷಕ್ಕೆ ಪುಡಿಯಾಗಿರುತ್ತದೆ. ಬೆರಳಿಗೆ ಕಪ್ಪು ಹಿಟ್ಟು ಹತ್ತುತ್ತದೆ. ಉಂಗುರ ಹೋದ ಮೇಲೆ ಕೋನಿಗೆ ಹಿಡಿತ ಇಲ್ಲ, ಅಡ್ಡಾದಿಡ್ಡಿ ಓಡಾಡಿ ಅದರ ಬೆನ್ನಿಗಿರುವ ತಂತಿಸುರುಳಿ (ಕಾಯಿಲ್) ಹೋಗಿ ಮ್ಯಾಗ್ನೆಟ್‌ಗೆ ಉಜ್ಜುತ್ತದೆ. ನಿಮ್ಮ ಗರಗರ ಬಹುಶಃ ಅದೇ. ಹಾಗಾದರೆ ಯಾವ ಸ್ಟೀರಿಯೋ ತಂದರೂ ಅದು ನಿಲ್ಲುವುದಿಲ್ಲ.

ಇನ್ನು 50 ವ್ಯಾಟ್ ಕಥೆ. ಎಂಜಿನ್ ಓಡುವಾಗ ಗಾಡಿಯಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಅದರಿಂದ 4 ಓಮ್ ಸ್ಪೀಕರ್‌ಗೆ ಶುದ್ಧವಾಗಿ ಕೊಡಬಹುದಾದ ಮೇಲ್ಮಿತಿ ಲೆಕ್ಕದ ಪ್ರಕಾರ 26 ವ್ಯಾಟ್ ಹತ್ತಿರ. ಚಿಪ್ ತಿನ್ನುವುದನ್ನು ಕಳೆದರೆ 18–20. ಡಬ್ಬದ ಮೇಲಿನ 50, ಸದ್ದು ಪೂರ್ತಿ ಒಡೆದ ಮೇಲಿನ ಸಂಖ್ಯೆ. ಹಾಗಂತ ಹೆದರಬೇಡಿ, 20 ವ್ಯಾಟ್ ಕಡಿಮೆಯಲ್ಲ. ಕೇಳುವವರಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಪವರ್ ಹತ್ತು ಪಟ್ಟು ಬೇಕು. ಎರಡು ಪಟ್ಟಿಗೆ ಸಿಗುವುದು ಬರೀ 3 ಡೆಸಿಬಲ್. ಸ್ಪೀಕರ್ ಆರಿಸುವಾಗ ವ್ಯಾಟ್ ಬಿಟ್ಟು ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರ್‌ಗೆ ಎಷ್ಟು ಜೋರು ಸದ್ದು ಕೊಡುತ್ತದೆ ಅನ್ನುವುದನ್ನು ನೋಡಿ. 88 ಡೆಸಿಬಲ್ ಸ್ಪೀಕರ್ ಬದಲು ಅದೇ ರೀತಿ ಅಳೆದ 91ರದ್ದು ಹಾಕಿದರೆ, ಆಂಪಿನ ಪವರ್ ದುಪ್ಪಟ್ಟು ಮಾಡಿದ ಹಾಗೆ. ಆಂಪ್ ಇಲ್ಲದೆ ಓಡಿಸುವವರಿಗೆ ಇದೇ ಮುಖ್ಯ.

ಈಗ ಬಾಗಿಲು. ಎಲ್ಲರೂ ಸ್ಪೀಕರ್ ಬಗ್ಗೆ ಮಾತಾಡುತ್ತಾರೆ, ಅದು ಕೂತಿರುವ ಡಬ್ಬದ ಬಗ್ಗೆ ಯಾರೂ ಮಾತಾಡುವುದಿಲ್ಲ. ಮನೆಯ ಸ್ಪೀಕರ್‌ಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಲ್ಲಿ ಬಾಗಿಲೇ ಪೆಟ್ಟಿಗೆ. ಪ್ಯಾಡ್ ತೆಗೆದ ಮೇಲೆ ಒಳಗಿನ ತಗಡು ನೋಡಿ, ಕೈ ತೂರುವಷ್ಟು ದೊಡ್ಡ ತೂತುಗಳಿರುತ್ತವೆ. ಅದರ ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆ, ಸುತ್ತ ಕಪ್ಪು ಅಂಟು, ಅಷ್ಟೇ. ಕೋನ್ ಮುಂದಕ್ಕೆ ಗಾಳಿ ತಳ್ಳುವ ಹೊತ್ತಿಗೇ ಅದರ ಬೆನ್ನು ಗಾಳಿ ಎಳೆಯುತ್ತದೆ. ಆ ತೂತುಗಳ ಮೂಲಕ ಎರಡೂ ಸೇರಿ ಒಂದನ್ನೊಂದು ಹೊಡೆದುಹಾಕುತ್ತವೆ. 80 ಹರ್ಟ್ಸ್ ಸದ್ದಿನ ಅಲೆ ನಾಲ್ಕು ಮೀಟರಿಗಿಂತ ಉದ್ದ. ಅದಕ್ಕೆ ಬಾಗಿಲನ್ನು ಸುತ್ತಿ ಬರುವುದು ಲೆಕ್ಕಕ್ಕೇ ಇಲ್ಲ. ನಿಮ್ಮ ತಬಲಾದ ಎಡಗೈ ಹೋಗಿದ್ದು ಅಲ್ಲಿಗೇ.

ಹಾಗಾಗಿ ಮಾಡಬೇಕಾದದ್ದು ಇದು. ಹೊರಗಿನ ತಗಡಿನ ಒಳಮೈಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಧೂಳು, ಮೇಣ ಒಂದಿಷ್ಟೂ ಉಳಿಯಬಾರದು. ತಗಡಿನ ನಡುಕ ತಡೆಯುವ ಬ್ಯುಟೈಲ್ (ಒಂದು ಬಗೆಯ ರಬ್ಬರ್) ಡ್ಯಾಂಪಿಂಗ್ ಶೀಟ್ ಅಂಟಿಸಿ ರೋಲರ್‌ನಿಂದ ಗಟ್ಟಿಯಾಗಿ ಒತ್ತಿ, ಮೇಲಿನ ಅಲ್ಯೂಮಿನಿಯಂ ಹಾಳೆಯ ಅಚ್ಚು ಅಳಿಸಿಹೋಗುವ ತನಕ. ಇಡೀ ಬಾಗಿಲಿಗೆ ಬೇಕಿಲ್ಲ. ಸ್ಪೀಕರಿನ ಹಿಂಬದಿ ಮತ್ತು ತಗಡಿನ ನಡುಭಾಗ ಸಾಕು. ಗೆಣ್ಣಿನಿಂದ ತಟ್ಟಿ ನೋಡಿದರೆ ಗೊತ್ತಾಗುತ್ತದೆ: ಮೊದಲು ಠಣ್ ಅನ್ನುತ್ತಿದ್ದದ್ದು ಆಮೇಲೆ ದಪ್ ಅನ್ನಬೇಕು. ಇಷ್ಟಾದ ಮೇಲೆ ಒಳತಗಡಿನ ತೂತು ಮುಚ್ಚಿ. ದೊಡ್ಡ ತೂತಿಗೆ ತೆಳು ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ತುಂಡು ಕತ್ತರಿಸಿ ಸ್ಕ್ರೂ ಹಾಕಿ, ಅದರ ಮೇಲೆ ಶೀಟ್. ಬರೀ ಶೀಟ್ ಎಳೆದು ಅಂಟಿಸಿದರೆ ಅದೇ ಚರ್ಮವಾಗಿ ಬಡಿಯುತ್ತದೆ. ಲಾಕಿನ ಕಡ್ಡಿಗೆ, ಗಾಜಿನ ಕೇಬಲ್‌ಗೆ ಯಾವುದೂ ತಾಗಬಾರದು.

ಬಾಗಿಲಿನ ತೀರಾ ಕೆಳಗೆ ಸಣ್ಣ ಸೀಳುಗಳಿವೆ, ಅವನ್ನು ಮಾತ್ರ ಮುಟ್ಟಬೇಡಿ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಅಲ್ಲಿಂದಲೇ ಹೊರಗೆ ಹೋಗಬೇಕು. ಮುಚ್ಚಿದರೆ ಬಾಗಿಲು ಒಳಗಿಂದ ಕೊಳೆಯುತ್ತದೆ. ಇನ್ನೊಂದು ವಿಷಯ, ಪಕ್ಕದ ಏರ್‌ಬ್ಯಾಗ್ ಇರುವ ಕೆಲವು ಗಾಡಿಗಳಲ್ಲಿ ಬಾಗಿಲೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಬಾಗಿಲಿನ ತೂತು ಮುಚ್ಚುವ ಆಟವೇ ಬೇಡ. ಒಳಗೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ನನ್ನ ಲೆಕ್ಕದಲ್ಲಿ ಕ್ರಮ ಹೀಗೆ: ಮುಂದಿನ ಸ್ಪೀಕರ್ ಮತ್ತು ಬಾಗಿಲು ಒಟ್ಟಿಗೆ, ಪ್ಯಾಡ್ ಎರಡೆರಡು ಸಲ ಬಿಚ್ಚಬೇಡಿ. ಅದಾದ ಮೇಲೆ ಸ್ಟೀರಿಯೋ. ಆಂಪ್ ಬೇಕೇ ಅನ್ನುವುದು ಆಗ ಗೊತ್ತಾಗುತ್ತದೆ. ಹಿಂದಿನ ಸ್ಪೀಕರ್ ಹಾಗೇ ಇರಲಿ. ನಾವು ಹಾಡುಗಾರರಿಗೆ ಬೆನ್ನು ಹಾಕಿ ಕೂರುವುದಿಲ್ಲ, ಅಲ್ವಾ? ಸ್ಟೀರಿಯೋದ ಫೇಡರ್, ಅಂದರೆ ಹಿಂದೆ-ಮುಂದೆ ಸದ್ದು ಹಂಚುವ ಸೆಟ್ಟಿಂಗ್, ಮುಂದಕ್ಕೆ ತಳ್ಳಿ ಸಾಕು.

ಟ್ರಾನ್ಸ್‌ಮಿಟರ್ ಮೇಲೆ ಜಾಸ್ತಿ ಸಿಟ್ಟು ಬೇಡ. ಎಫ್‌ಎಂ ದಾರಿಯಲ್ಲಿ 15 ಕಿಲೋಹರ್ಟ್ಸ್ ಮೇಲಿನದ್ದು ಬರುವುದೇ ಇಲ್ಲ, ಜೊತೆಗೆ ಆ ಸುಯ್. ಆದರೆ ನಿಮ್ಮ ದೊಡ್ಡ ಸಮಸ್ಯೆ ಅದಲ್ಲ.

ಎರಡನೇಗೇರು:

ತಂತಿಕಟ್ಟು ಸರ್, ಬಿಚ್ಚಿ ನೋಡಿದೆ. ನೀವು ಹೇಳಿದ ಹಾಗೇ ಇದೆ! ಉಂಗುರ ಅರ್ಧ ಸುತ್ತು ಇಲ್ಲವೇ ಇಲ್ಲ, ಮುಟ್ಟಿದರೆ ಉದುರುತ್ತದೆ. ಮ್ಯಾಗ್ನೆಟ್ ನೋಡಿ ನಗು ಬಂತು, ಬಾಟಲಿ ಮುಚ್ಚಳಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೆ. ಹಿಂದೆ 4 ಓಮ್ ಅಂತ ಅಚ್ಚಾಗಿದೆ. ಸೆನ್ಸರ್ ಗಿನ್ಸರ್ ಏನೂ ಕಾಣಲಿಲ್ಲ.

ಎರಡು ಪ್ರಶ್ನೆ. ಟ್ವೀಟರ್ (ಚೂಪು ಸದ್ದಿನ ಸಣ್ಣ ಸ್ಪೀಕರ್) ಬೇರೆಯಾಗಿ ಬರುವ ಕಾಂಪೊನೆಂಟ್ ತಗೊಳ್ಳಲೋ, ಎರಡೂ ಒಂದರಲ್ಲೇ ಇರುವ ಕೋಆಕ್ಸಿಯಲ್ಲೋ? ಮತ್ತೆ, ನೋಡಿಟ್ಟಿರುವ ಸ್ಪೀಕರಿನ ಆಳ 62 ಮಿ.ಮೀ. ಗಾಜಿಗೆ ತಾಗುತ್ತಾ?

ತಂತಿಕಟ್ಟು:

ಗಾಜು ಪೂರ್ತಿ ಕೆಳಗಿಳಿಸಿ ಅಳೆಯಿರಿ. ಮೇಲಿದ್ದಾಗ ಎಲ್ಲ ಸ್ಪೀಕರೂ ಹಿಡಿಸುತ್ತವೆ, ತೊಂದರೆ ಶುರುವಾಗುವುದು ಇಳಿಸಿದಾಗ. ಸ್ಪೀಕರ್ ಕೂರುವ ಮೈಯಿಂದ ಗಾಜಿನ ತನಕ 50 ಮಿ.ಮೀ. ಇದ್ದರೆ 20 ಮಿ.ಮೀ. ದಪ್ಪದ ಉಂಗುರ ಹಾಕಿ ಸ್ಪೀಕರನ್ನು ಹೊರಗೆ ತರಬೇಕು. ಆಗ ಮುಂದುಗಡೆ ಪ್ಯಾಡಿನ ಜಾಲರಿಗೆ ಕೋನ್ ತಾಗುತ್ತದೆಯೇ ಅಂತಲೂ ನೋಡಿ. ಉಂಗುರ ಪ್ಲಾಸ್ಟಿಕ್‌ನದಾಗಿರಲಿ. ಎಂಡಿಎಫ್ ಆದರೆ ನೀರು ಕುಡಿದು ಉಬ್ಬುತ್ತದೆ, ಹಾಕಲೇಬೇಕಿದ್ದರೆ ಎಲ್ಲ ಕಡೆ ಪೇಂಟ್ ಹೊಡೆಯಿರಿ. ಉಂಗುರಕ್ಕೂ ತಗಡಿಗೂ ನಡುವೆ ಫೋಮ್ ಟೇಪ್ ಇರಲಿ, ಗಾಳಿ ಸೋರಬಾರದು.

ನಿಮಗೆ ಕಾಂಪೊನೆಂಟ್. ಬಾಗಿಲಿನ ಕೆಳಮೂಲೆಯಲ್ಲಿ ಕೋಆಕ್ಸಿಯಲ್ ಹಾಕಿದರೆ ಟ್ವೀಟರ್ ನಿಮ್ಮ ಮೊಣಕಾಲಿಗೆ ಹಾಡುತ್ತದೆ. ಟ್ವೀಟರಿನ ಚೂಪು ಸದ್ದು ನೇರವಾಗಿ ಹೋಗುವಂಥದ್ದು, ಕಾಲು, ಸೀಟು ಎಲ್ಲ ಅದನ್ನು ನುಂಗುತ್ತವೆ. ಕನ್ನಡಿ ಹತ್ತಿರದ ಆ ತ್ರಿಕೋನ ಪ್ಲಾಸ್ಟಿಕ್‌ನಲ್ಲಿ ಟ್ವೀಟರ್ ಇಟ್ಟರೆ ದನಿ ಡ್ಯಾಶ್‌ಬೋರ್ಡ್ ಮೇಲಿಂದ ಬಂದ ಹಾಗಿರುತ್ತದೆ. ತೂತು ಕೊರೆಯುವ ಮುಂಚೆ ಡಬಲ್ ಟೇಪಿನಲ್ಲಿ ಅಂಟಿಸಿ, ಬೇರೆಬೇರೆ ಕಡೆ ತಿರುಗಿಸಿ ಕೇಳಿ. ಟ್ವೀಟರಿಗೂ ದೊಡ್ಡ ಸ್ಪೀಕರಿಗೂ ಸದ್ದು ಹಂಚುವ ಕ್ರಾಸ್‌ಓವರ್ ಡಬ್ಬಿಯನ್ನು ನೀರು ತಾಗದ ಕಡೆ, ಆದಷ್ಟು ಡ್ಯಾಶ್ ಕೆಳಗೆ ಕಟ್ಟಿ.

ಪ್ಲಸ್ ಮೈನಸ್ ಗೊತ್ತಾಗದಿದ್ದರೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ ಹೋದಾಗ ಕೋನ್ ಹೊರಗೆ ಜಿಗಿಯುತ್ತದೆ. ಒಂದು ಬಾಗಿಲಲ್ಲಿ ಉಲ್ಟಾ ಆದರೆ ಅದು ಹೊರಗೆ ಬರುವಾಗ ಇನ್ನೊಂದು ಒಳಗೆ ಹೋಗುತ್ತದೆ, ಬೇಸ್ ಮತ್ತೆ ಮಾಯ.

ಬೆಸುಗೆ:

ಸ್ಟೀರಿಯೋ ಹಾಕುವಾಗ ಕಂಪನಿಯ ಕಪ್ಲರ್ (ತಂತಿ ಸೇರಿಸುವ ಪ್ಲಗ್) ಕತ್ತರಿಸಬೇಡಿ, ಇದೊಂದು ನನ್ನ ಬೇಡಿಕೆ. ನಿಮ್ಮ ಮಾಡೆಲ್‌ಗೆ ಹೊಂದುವ ಅಡಾಪ್ಟರ್ ಹಾರ್ನೆಸ್ ತಗೊಂಡು ಹೊಸ ಸ್ಟೀರಿಯೋದ ತಂತಿಗಳನ್ನು ಅದಕ್ಕೆ ಸೇರಿಸಿ. ಕೆಲಸಕ್ಕೆ ಮುಂಚೆ ಬ್ಯಾಟರಿ ಮೈನಸ್ ಬಿಚ್ಚಿಡಿ.

ಹೊರಗಿನ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ಅಂದರೆ ಯಾವಾಗಲೂ ಇರುವ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ತ್, ನೀಲಿ-ಬಿಳಿ ಆಂಪ್ ಆನ್ ಮಾಡುವ ತಂತಿ. ಬಿಳಿ ಜೋಡಿ ಮುಂದಿನ ಎಡಕ್ಕೆ, ಬೂದು ಜೋಡಿ ಮುಂದಿನ ಬಲಕ್ಕೆ. ಗಾಡಿ ಕಡೆಯ ಬಣ್ಣಗಳನ್ನು ಮಾತ್ರ ನಂಬಬೇಡಿ, ಮೀಟರ್ ಹಿಡಿದು ನೋಡಿ. ಕೀ ತೆಗೆದಾಗಲೆಲ್ಲ ಸ್ಟೀರಿಯೋ ಸ್ಟೇಷನ್ ಮರೆತರೆ ಬಹುಶಃ ಹಳದಿ, ಕೆಂಪು ಅದಲುಬದಲಾಗಿದೆ ಅಂತ ಅರ್ಥ.

ಮುಂದಕ್ಕೆ ಆಂಪ್ ಹಾಕುವುದಾದರೆ ಬ್ಯಾಟರಿಯಿಂದ ಬರುವ ತಂತಿಗೆ 45 ಸೆಂ.ಮೀ. ಒಳಗೇ ಫ್ಯೂಸ್ ಇರಬೇಕು. ಅದು ಆಂಪ್ ಕಾಪಾಡೋಕಲ್ಲ. ತಂತಿ ಎಲ್ಲೋ ಉಜ್ಜಿ ಬಾಡಿಗೆ ತಾಗಿದರೆ ಗಾಡಿ ಸುಡದಿರಲಿ ಅಂತ. ಎಂಜಿನ್ ಕಡೆಯಿಂದ ಒಳಗೆ ತರುವ ತೂತಿಗೆ ರಬ್ಬರ್ ಗ್ರಾಮೆಟ್ (ತಗಡಿನ ಅಂಚು ತಂತಿ ಕೊಯ್ಯದಂತೆ ಕೂರಿಸುವ ಉಂಗುರ) ಹಾಕಿ. ಪವರ್ ತಂತಿ ಒಂದು ಬದಿಯಲ್ಲಿ ಹೋಗಲಿ, ಸ್ಟೀರಿಯೋದಿಂದ ಆಂಪಿಗೆ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಇನ್ನೊಂದು ಬದಿಯಲ್ಲಿ. ಅರ್ತ್ ಕೊಡುವ ಕಡೆ ಪೇಂಟ್ ಕೆರೆದು ಬರೀ ತಗಡಿಗೆ ಬಿಗಿಯಿರಿ. ಎಕ್ಸಿಲರೇಟರ್ ಒತ್ತಿದಷ್ಟೂ ಏರುವ ಕುಂಯ್ ಸದ್ದು ಬಂದರೆ ಮೊದಲು ನೋಡಬೇಕಾದದ್ದು ಈ ಅರ್ತನ್ನೇ. ಫಿಲ್ಟರ್ ತಂದು ಸಿಕ್ಕಿಸುವುದು ಕೊನೆಯ ದಾರಿ.

ಡಬಲ್‌ಕೋನ್:

ನನಗೂ ಒಂದು ಡೌಟು. ಡ್ಯಾಶ್ ಚೆಂದ ಕೆಡದ ಹಾಗೆ ಹಳೇ ಸಿಡಿ ಪ್ಲೇಯರನ್ನೇ ಇಟ್ಟುಕೊಳ್ಳೋಕೆ ಆಗಲ್ವಾ?

ಬೆಸುಗೆ:

ಆಗುತ್ತದೆ. ಆ ಕಾಲದ ಎಷ್ಟೋ ಪ್ಲೇಯರ್‌ಗಳ ಹಿಂದೆ ಸಿಡಿ ಚೇಂಜರ್‌ಗೆ (ಹಲವು ಸಿಡಿ ಹಿಡಿಯುವ ಡಬ್ಬ) ಅಂತ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಬ್ಲೂಟೂತ್ ಮಾಡ್ಯೂಲ್ ಸಿಗುತ್ತವೆ, ಎಫ್‌ಎಂ ಸುಯ್ ತಪ್ಪುತ್ತದೆ. ಆಮೇಲೆ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ ತಗೊಂಡರೆ ಸ್ಪೀಕರ್ ತಂತಿಯಿಂದಲೇ ಸಿಗ್ನಲ್ ಎತ್ತಬಹುದು. ಬದಲಿಸುವುದೇ ಆದರೆ ತೂತಿನ ಅಳತೆ ನೋಡಿ: ಅಗಲ 180, ಎತ್ತರ 50 ಮಿ.ಮೀ. ಇದ್ದರೆ ಸಿಂಗಲ್ ಡಿನ್, ಎತ್ತರ 100 ಇದ್ದರೆ ಡಬಲ್. ಬೇರೆ ಆಕಾರ ಇದ್ದರೆ ಆ ಮಾಡೆಲ್‌ದೇ ಫ್ರೇಮ್ ಹುಡುಕಬೇಕು.

ತಂತಿಕಟ್ಟು:

ಬೆಸುಗೆಯವರು ಹೇಳಿದ್ದು ಸರಿ, ಆದರೂ ನಾನಾದರೆ ಸ್ಟೀರಿಯೋ ಬದಲಿಸುತ್ತೇನೆ. ಕಾರಣ ಬ್ಲೂಟೂತ್ ಅಲ್ಲ, ಒಳಗಿನ ಸೆಟ್ಟಿಂಗ್. ಆಳದ ಬೇಸನ್ನು ತಡೆಯುವ ಹೈಪಾಸ್ ಫಿಲ್ಟರ್ ಇರುವುದನ್ನೇ ತಗೊಳ್ಳಿ, ಬಾಗಿಲಿನ ಸ್ಪೀಕರ್‌ಗೆ 60–80 ಹರ್ಟ್ಸ್ ಹತ್ತಿರ ಇಡಿ. ಅದರಿಂದ ಮಾಡಲಾಗದ ಆಳದ ಬೇಸನ್ನು ಅದರ ತಲೆಗೆ ಕಟ್ಟದೆ ಇದ್ದರೆ ಮಿಕ್ಕಿದ್ದು ತಿಳಿಯಾಗುತ್ತದೆ. ಟೈಮ್ ಅಲೈನ್‌ಮೆಂಟ್ ಇದ್ದರೆ ಇನ್ನೂ ಒಳ್ಳೆಯದು. ಡ್ರೈವರ್ ಬದಿಯ ಸ್ಪೀಕರ್ ಕಿವಿಗೆ ಹತ್ತಿರ, ಆಚೆಯದು ದೂರ. ಒಂದು ಮೀಟರ್ ವ್ಯತ್ಯಾಸಕ್ಕೆ ಸುಮಾರು 3 ಮಿಲಿಸೆಕೆಂಡ್. ಹತ್ತಿರದ್ದನ್ನು ಅಷ್ಟು ತಡ ಮಾಡಿದರೆ ಹಾಡುಗಾರರು ಬಾಗಿಲಿನಿಂದ ಎದ್ದು ಡ್ಯಾಶ್ ನಡುವೆ ಬಂದು ನಿಲ್ಲುತ್ತಾರೆ.

ಇಷ್ಟೆಲ್ಲ ಆದ ಮೇಲೂ ಜೋರು ಮಾಡಿದಾಗ ದನಿ ಒಡೆದರೆ, ಆಗ ನಾಲ್ಕು ಚಾನೆಲ್‌ನ ಸಣ್ಣ ಆಂಪ್. ಆಂಪಿನ ಗೇನ್ ಅನ್ನೋ ತಿರುಪು ವಾಲ್ಯೂಮ್ ಅಲ್ಲ, ಸ್ಟೀರಿಯೋದ ಸಿಗ್ನಲ್‌ಗೆ ಆಂಪನ್ನು ಹೊಂದಿಸುವಂಥದ್ದು, ಕೊನೆ ತನಕ ತಿರುಗಿಸಬೇಡಿ. ಸಿಗ್ನಲ್ ಒಡೆದಾಗ ಮೊದಲು ಸಾಯುವುದು ಟ್ವೀಟರ್.

ಎರಡನೇಗೇರು:

ತುಂಬಾ ಥ್ಯಾಂಕ್ಸ್ ಸರ್. ಸ್ಪೀಕರ್, ಶೀಟ್, ಪ್ಲಾಸ್ಟಿಕ್ ಉಂಗುರ ಪಟ್ಟಿ ಮಾಡಿದ್ದೇನೆ. ಇನ್ನೇನಾದರೂ ಬಿಟ್ಟುಹೋಯಿತಾ?

ತಂತಿಕಟ್ಟು:

ಡೋರ್ ಪ್ಯಾಡಿನ ಕ್ಲಿಪ್ ಒಂದು ಪ್ಯಾಕೆಟ್. ಇಷ್ಟು ಹಳೇ ಗಾಡಿಯಲ್ಲಿ ನಾಲ್ಕೈದಾದರೂ ಮುರಿಯುತ್ತವೆ. ಮುರಿದದ್ದನ್ನೇ ಹಾಕಿ ಮುಚ್ಚಿದರೆ ಪ್ಯಾಡ್ ಸಡಿಲವಾಗಿ ನಡುಗುತ್ತದೆ, ಆಮೇಲೆ ಹೊಸ ಸ್ಪೀಕರ್ ಸರಿಯಿಲ್ಲ ಅಂತ ಇಲ್ಲೇ ಬಂದು ಬರೆಯುತ್ತೀರಿ.