ಈ ವಾರದ ಸಮಸ್ಯೆ: ‘ಗಾಳಿಯೆ ಕೋಟೆಯ ಕಟ್ಟಿತು ನೋಡಾ’

ಸಮಸ್ಯೆ ಕೊಟ್ಟವರು, ಕಲಬುರಗಿ:
ಹೊರಗೆ ಬಿಸಿಲು, ಒಳಗೆ ಪದ್ಯ. ಕೊನೆಯ ಸಾಲು ನನ್ನದು, ಮೊದಲ ಮೂರು ನಿಮ್ಮದು. ಈ ಸಲ ವಸ್ತು ಸೌರಮಾರುತ. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ನುಗ್ಗುವ ವಿದ್ಯುದಾವೇಶದ ಕಣಗಳ ಗಾಳಿ ಅದು. ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ. ಆದಿಪ್ರಾಸ ಬಿಡೋ ಹಾಗಿಲ್ಲ.

ಭೀಮಾತೀರ, ಯಾದಗಿರಿ:
ಕಾಳಗ ಹೂಡಲು ಸೂರ್ಯನ ಮಾರುತ
ಗೋಳಕೆ ಕಾಂತದ ಕವಚವೆ ಕಾವಲು
ಸೀಳುತ ಬದಿಯಲಿ ಹರಿಯಿತು ಹಿಂದಕೆ
ಗಾಳಿಯೆ ಕೋಟೆಯ ಕಟ್ಟಿತು ನೋಡಾ

ಕಲಬುರಗಿ:
ಪ್ರಾಸ ಸರಿ, ಗಣ ಸರಿ, ಅರ್ಥ ಜಾರಿತು. ಕಾವಲು ಕಾಂತದ್ದು ಅಂತ ನೀವೇ ಹೇಳಿದ್ದೀರಿ. ಹಾಗಾದರೆ ಕೋಟೆ ಭೂಮಿಯದು, ಗಾಳಿ ಬರೀ ತಳ್ಳಿತು. ಗಾಳಿಯ ಒತ್ತಡ, ಭೂಕಾಂತದ ಒತ್ತಡ ಎರಡೂ ಸಮವಾದ ಕಡೆ ಗಡಿ. ಹಗಲಿನ ಬದಿಗೆ ಅದು ಸುಮಾರು 65,000 ಕಿಲೋಮೀಟರ್ ದೂರ. ಗಾಳಿ ಜೋರಾದರೆ ಒಳಗೆ ಸರಿಯುತ್ತದೆ. ಇದರಲ್ಲಿ ‘ಕಟ್ಟಿತು’ ಎಲ್ಲಿ ಬಂತು?

ಬಿದ್ರಿ, ಬೀದರ್:
ಆಳದೊಳಿಲ್ಲದೆ ಕಾಂತದ ಕಾವಲು
ಬಾಳುವ ಶುಕ್ರನ ಬಾನಿನ ತುದಿಯಲಿ
ಓಳಿಯಲೆಳೆಗಳ ಪೇರಿಸಿ ಪೇರಿಸಿ
ಗಾಳಿಯೆ ಕೋಟೆಯ ಕಟ್ಟಿತು ನೋಡಾ

ಎಳೆ ಅಂದರೆ ಗಾಳಿ ಹೊತ್ತು ತರುವ ಸೂರ್ಯನ ಕಾಂತಕ್ಷೇತ್ರ. ಶುಕ್ರನ ಅಯಾನುಗೋಳಕ್ಕೆ (ಬಾನಿನ ಮೇಲ್ತುದಿಯ ವಿದ್ಯುದಾವೇಶದ ಪದರ) ತಡೆದು ಅಲ್ಲೇ ಒತ್ತೊತ್ತಾಗಿ ನಿಲ್ಲುತ್ತದೆ. ನಮ್ಮ ಬೀದರ್ ಕೋಟೆಗೆ ಬಂಡೆ ಕೊರೆದು ಮೂರು ಸಾಲು ಕಂದಕ ತೋಡಬೇಕಾಯ್ತು. ಶುಕ್ರನಿಗೆ ಪೈಸೆ ಖರ್ಚಿಲ್ಲ!

ಕಲಬುರಗಿ:
ಭಲೆ! ಸಮಸ್ಯೆ ಬಿಡಿಸೋದು ಅಂದರೆ ಇದು.

ಸೇಡಂ ರಸ್ತೆ, ಕಲಬುರಗಿ:
ಏಳುತ ನೇಸರನೊಡಲಿಂದಾಚೆಗೆ
ಹಾಳಿನ ಬಯಲನು ನೂಕುತ ನೂಕುತ
ಕಾಳಂತೆಮ್ಮನು ಕಾಯಿಯೊಳಿರಿಸುತ
ಗಾಳಿಯೆ ಕೋಟೆಯ ಕಟ್ಟಿತು ನೋಡಾ

ಬಿದ್ರಿ, ಬೀದರ್:
‘ನೂಕುತ ನೂಕುತ’ ನನ್ನ ‘ಪೇರಿಸಿ’ಯಿಂದ ಕದ್ದದ್ದು ಅಲ್ವಾ? ಸುಮ್ನೆ ಗಣ ತುಂಬಿಸಿದ್ದಾರೆ.

ಕಲಬುರಗಿ:
ಒಪ್ಪಲ್ಲ. ಸೌರಮಾರುತ ಸೌರಮಂಡಲದ ಸುತ್ತ ಊದಿದ ಗುಳ್ಳೆಯೇ ಆ ಕಾಯಿ. ಅದರ ಗಡಿ ತಲುಪೋಕೆ ಗಾಳಿಗೆ ವರ್ಷಕ್ಕಿಂತ ಜಾಸ್ತಿ ಬೇಕು, ಎರಡು ಸಲ ನೂಕಲಿ ಬಿಡಿ. ತೊಗರಿ ನಾಡಿನವರ ಕೈಲಿ ಸೌರಮಂಡಲವೇ ತೊಗರಿಕಾಯಿ ಆಯ್ತಲ್ಲ, ಅದು ನನಗೆ ಬಹಳ ಹಿಡಿಸಿತು. ವೊಯೇಜರ್ 1 ನೌಕೆ ಈ ಸಿಪ್ಪೆ ದಾಟಿದ್ದು 2012ರ ಆಗಸ್ಟ್‌ನಲ್ಲಿ, ಭೂಮಿ-ಸೂರ್ಯರ ನಡುವಿನ ದೂರದ ಸುಮಾರು 121 ಪಟ್ಟು ಆಚೆ. ವೊಯೇಜರ್ 2 ದಾಟಿದ್ದು 2018ರ ನವೆಂಬರ್‌ನಲ್ಲಿ. ಅಲ್ಲಿ ಸೂರ್ಯನ ಕಣಗಳು ದಿಢೀರನೆ ಕುಸಿದವು, ಹೊರಗಿನ ವಿಶ್ವಕಿರಣ ಏರಿತು. ಈ ವಾರದ ಶಾಲು ಸೇಡಂ ರಸ್ತೆಗೆ.

ಭೀಮಾತೀರ, ಯಾದಗಿರಿ:
ಚಂದ್ರನ ಮೇಲೆ ಇನ್ನೊಂದು ಬರೆಯೋಕೆ ಕೂತೆ. ಅಲ್ಲಿ ದಟ್ಟ ವಾತಾವರಣವೂ ಇಲ್ಲ, ಇಡೀ ಗೋಳ ಕಾಯುವ ಕಾಂತವೂ ಇಲ್ಲ. ಗಾಳಿ ನೇರ ನೆಲಕ್ಕೇ ಬಡಿಯುತ್ತದೆ. ಕೋಟೆ ಎಲ್ಲಿಂದ ತರಲಿ?

ಕಲಬುರಗಿ:
ಹಾಗಾದರೆ ಮುಂದಿನ ಸಮಸ್ಯೆ ನೀವೇ ಕೊಡಿ.

ಭೀಮಾತೀರ, ಯಾದಗಿರಿ:
ತಗೊಳ್ಳಿ: ‘ಬಾಗಿಲು ಇಲ್ಲದ ಮನೆಗಿದೆ ಬೀಗ’.