ಸಹಾಯ ಬೇಕು: ಟರಾಂಟುಲಾ ಜೇಡ ಊಟ ಬಿಟ್ಟಿದೆ, ಈಗ ಟೆರೇರಿಯಂಗೆ (ಅದನ್ನು ಸಾಕುವ ಗಾಜಿನ ಪೆಟ್ಟಿಗೆಗೆ) ಕೈ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಟೆಕ್ಸಾಸ್‌ನಲ್ಲಿ, ಮನೆಯಲ್ಲಿ ಬ್ರೆಜಿಲ್ ಮೂಲದ ಸಾಲ್ಮನ್ ಪಿಂಕ್ ಟರಾಂಟುಲಾ ಇದೆ, ಕಾಲು ಚಾಚಿದರೆ ಸುಮಾರು 20 ಸೆಂ.ಮೀ. ಬರುತ್ತದೆ. ಕೆಲವು ವಾರಗಳಿಂದ ಜಿರಳೆ ಕೊಟ್ಟರೂ ಮುಟ್ಟುತ್ತಿಲ್ಲ. ಹೊಟ್ಟೆಯ ಮೇಲೆ ಕೂದಲು ಉದುರಿದ ಜಾಗ ಕಪ್ಪಾಗಿದೆ, ಪೊರೆ ಬಿಡುವ ಸಮಯ ಇರಬೇಕು. ಉಳಿದ ಜಿರಳೆಗಳನ್ನು ತೆಗೆದುಬಿಟ್ಟೆ, ಯಾಕಂದ್ರೆ ಪೊರೆ ಬಿಟ್ಟಾಗ ಮೈ ಮೆತ್ತಗಿರುತ್ತದೆ, ಹುಳುಗಳೇ ಅದನ್ನು ಕಚ್ಚಿಬಿಡಬಹುದು. ನೀರಿನ ಬಟ್ಟಲು ಮಾತ್ರ ತುಂಬಿಡುತ್ತಿದ್ದೇನೆ.

ಸಮಸ್ಯೆ ಏನಂದ್ರೆ ಟೆರೇರಿಯಂ ಎತ್ತರ ಜಾಸ್ತಿ. ಗಾಜು ಹತ್ತಿ ಬಿದ್ದರೆ ಇಷ್ಟು ಭಾರದ ಜೇಡಕ್ಕೆ ಹೊಟ್ಟೆ ಒಡೆದು ಜೀವಕ್ಕೇ ಅಪಾಯ ಅಲ್ವಾ? ತಳಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇನ್ನಷ್ಟು ತುಂಬಿ ಎತ್ತರ ತಗ್ಗಿಸಬೇಕು ಅಂತಿದ್ದೇನೆ. ಈಗಲೇ ಮಾಡಲಾ, ಅಥವಾ ಪೊರೆ ಬಿಟ್ಟು, ಆಗ ಬೆಳ್ಳಗಿರುವ ಕೋರೆಹಲ್ಲು ಗಟ್ಟಿಯಾಗಿ ಮತ್ತೆ ಕಪ್ಪಾಗುವವರೆಗೆ ಕಾಯಲಾ? ದೊಡ್ಡ ಟರಾಂಟುಲಾ ಸಾಕಿ ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.